ದೊಡ್ಡವ್ವ ಕೇಳಿದ ಧಾರಾವಾಹಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ರೊಟ್ಟಿ ಬಡಿಯುತ್ತಿರುತ್ತೀರಿ, ಇನ್ನರ್ಧ ಜನ ಆ ರೊಟ್ಟಿಗಾಗಿ ಕಾಯುತ್ತಿರುತ್ತೀರಿ. ದಾಲ್ ಮಿಲ್ಲಿನ ಗೇಟಿನಲ್ಲಿ ಕುಳಿತ ಕಾವಲುಗಾರರು, ಸೂಪರ್ ಮಾರ್ಕೆಟ್ಟಿನ ಬದಿಗೆ ಆಟೊ ನಿಲ್ಲಿಸಿಕೊಂಡವರು, ಹೊಲದಿಂದ ಈಗಷ್ಟೇ ಬಂದು ಕಾಲು ತೊಳೆಯುತ್ತಿರುವವರು ಎಲ್ಲರೂ ಇದ್ದೀರಿ ಎಂದುಕೊಂಡೇ ಮಾತನಾಡುತ್ತೇನೆ. ಇತ್ತೀಚಿನ ಧಾರಾವಾಹಿ ಮತ್ತು ಸಿನಿಮಾಗಳ ಬಗ್ಗೆ ಅನಿಸಿಕೆ ಹೇಳಬೇಕೆಂದು ಆಕಾಶವಾಣಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹತ್ತು ನಿಮಿಷ ಬಹಳವಾಯಿತು, ಏಕೆಂದರೆ ನನ್ನ ಹತ್ತಿರ ಇರುವುದು ಒಂದೇ ಅನಿಸಿಕೆ. ನೀವು ನೋಡುವ ಯಾವುದೇ ಧಾರಾವಾಹಿಯ ಮುಂದೆ, ಯಾವುದೇ ಸಿನಿಮಾದ ಮುಂದೆ, ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಬರೀ ಕೇಳಿ. ಅವರು ಎಲ್ಲಿದ್ದಾರೆ, ಹಗಲೋ ರಾತ್ರಿಯೋ, ಏನು ಕೆಲಸ ಮಾಡುತ್ತಿದ್ದಾರೆ ಎಂದು ಕಿವಿಗೆ ತಿಳಿದರೆ ಅದು ಒಳ್ಳೆಯದು. ತಿಳಿಯದಿದ್ದರೆ ಟಿವಿ ಆರಿಸಿ ಊಟಕ್ಕೆ ಏಳಿ.

ಇದನ್ನು ಹೇಳಲು ಇವನು ಯಾರು ಎಂದು ಕೇಳುವವರಿಗಾಗಿ ಎರಡು ಮಾತು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿದವನು. ಸಂಜೆಯ ಹೊತ್ತು ಹುಡುಗರು ಆಡುವ ನಾಟಕಗಳಿಗೆ ಪರದೆಯ ಹಿಂದೆ ಕುಳಿತು ಸದ್ದು ಮಾಡಿದವನು. ತಗಡಿನ ಹಾಳೆಯನ್ನು ಅಲುಗಾಡಿಸಿದರೆ ಗುಡುಗು. ಎರಡು ತೆಂಗಿನ ಚಿಪ್ಪು ಬಡಿದರೆ ಕುದುರೆ. ಮೊರದಲ್ಲಿ ಎರಡು ಹಿಡಿ ತೊಗರಿ ಹಾಕಿ ಮೆಲ್ಲಗೆ ಆಡಿಸಿದರೆ ಮಳೆ. ಒಂದು ಏಪ್ರಿಲ್ ತಿಂಗಳ ರಾತ್ರಿ, ಸೆಕೆಗೆ ಜನ ಕರಪತ್ರದಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಾಗ, ನನ್ನ ತೊಗರಿಯ ಮಳೆ ಸುರಿಯಿತು. ಗಾಳಿ ಬೀಸುವುದು ನಿಂತುಹೋಯಿತು. ಸೆಕೆ ಹಾಗೆಯೇ ಇತ್ತು, ಆದರೆ ಕಿವಿ ತಂಪಾಗಿತ್ತು. ಅಂದಿನಿಂದ ನನಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಹೆಚ್ಚು.

ಆದರೂ ಈ ಪಾಠವನ್ನು ನನಗೆ ಪೂರ್ತಿ ಕಲಿಸಿದವಳು ನಮ್ಮ ದೊಡ್ಡವ್ವ. ಚಿತ್ತಾಪುರ ತಾಲ್ಲೂಕಿನ ಹಳ್ಳಿಯವಳು, ವಯಸ್ಸು ಎಂಬತ್ತು ದಾಟಿದೆ. ಎರಡೂ ಕಣ್ಣಿಗೆ ಪೊರೆ ಬಂದು, ಒಂದಕ್ಕೆ ಶಸ್ತ್ರಚಿಕಿತ್ಸೆಯಾಗಿಯೂ ದೃಷ್ಟಿ ಬರಲಿಲ್ಲ. ಎರಡನೆಯದಕ್ಕೆ ಆಕೆ ಒಪ್ಪಲೇ ಇಲ್ಲ. ಕಳೆದ ಮಳೆಗಾಲದಲ್ಲಿ ಎರಡು ತಿಂಗಳು ನಮ್ಮ ಮನೆಯಲ್ಲಿದ್ದಳು. ಸಂಜೆ ಏಳು ಗಂಟೆಗೆ ಟಿವಿ ಹಚ್ಚಿದರೆ ಆಕೆಯೂ ಗೋಡೆಗೆ ಒರಗಿ ಕುಳಿತುಕೊಳ್ಳುವಳು. ಒಂಬತ್ತನೆಯ ತರಗತಿ ಓದುವ ನನ್ನ ಮೊಮ್ಮಗಳು ಆಕೆಯ ಕಣ್ಣು.

ಮೊದಲ ದಿನ ಒಂದು ಧಾರಾವಾಹಿ ಬರುತ್ತಿತ್ತು. ಯಾವುದೆಂದು ಕೇಳಬೇಡಿ, ಹೆಸರು ಹೇಳಿದರೆ ಅದರ ಅಭಿಮಾನಿಗಳು ನಾಳೆ ನಮ್ಮ ಮನೆಗೆ ಬರುತ್ತಾರೆ. ಸೊಸೆ ಏನೋ ಒಂದು ಗುಟ್ಟು ಹೇಳಿದಳು. ಕೂಡಲೇ ಢಣ್ ಎಂದು ಸದ್ದಾಯಿತು. ದೊಡ್ಡವ್ವ, "ಪಾತ್ರೆ ಬಿತ್ತು, ಒಳಗೆ ಬೆಕ್ಕು ಬಂದಿದೆ ನೋಡು" ಎಂದಳು. ನಮ್ಮ ಮನೆಯ ನೆಲ ಶಹಾಬಾದಿ ಕಲ್ಲಿನದು, ಪಾತ್ರೆ ಬಿದ್ದರೆ ಹಾಗೆಯೇ ಸದ್ದಾಗುತ್ತದೆ. ಹುಡುಗಿ ಎದ್ದು ಹೋಗಿ ನೋಡಿ ಬಂದಳು, ಬೆಕ್ಕಿಲ್ಲ. ಅಷ್ಟರಲ್ಲಿ ಮತ್ತೆ ಢಣ್. "ಈ ಸಲ ಹಾಲಿನ ಪಾತ್ರೆಯೇ" ಎಂದಳು ದೊಡ್ಡವ್ವ. ಹುಡುಗಿ ಮತ್ತೆ ಎದ್ದಳು. ಮೂರನೆಯ ಢಣ್ ಆದಾಗ ಹುಡುಗಿ ನಗು ತಡೆಯಲಾರದೆ, "ಅಜ್ಜಿ, ಅದು ಟಿವಿಯದು. ಅತ್ತೆ ಗಾಬರಿಯಾಗಿದ್ದಾಳೆ, ಅದಕ್ಕೆ" ಎಂದಳು.

"ಗಾಬರಿಯಾದರೆ ಪಾತ್ರೆ ಏಕೆ ಒಗೆಯುತ್ತಾಳೆ?"

"ಒಗೆದಿಲ್ಲ. ಸುಮ್ಮನೆ ನೋಡುತ್ತಿದ್ದಾಳೆ."

"ಯಾರನ್ನು?"

"ಸೊಸೆಯನ್ನು. ಸೊಸೆ ಗಂಡನನ್ನು ನೋಡುತ್ತಿದ್ದಾಳೆ. ಗಂಡ ಅತ್ತೆಯನ್ನು ನೋಡುತ್ತಿದ್ದಾನೆ."

ಸ್ವಲ್ಪ ಹೊತ್ತು ಬಿಟ್ಟು ದೊಡ್ಡವ್ವ ಕೇಳಿದಳು: "ಇನ್ನೂ?"

"ಇನ್ನೂ ನೋಡುತ್ತಿದ್ದಾರೆ ಅಜ್ಜಿ."

ಅಲ್ಲಿಗೆ ಜಾಹೀರಾತು ಬಂತು. ವಾರವಿಡೀ ಇದೇ ನಡೆಯಿತು. ಎಂಟನೆಯ ದಿನ ದೊಡ್ಡವ್ವ ನನ್ನನ್ನು ಕರೆದು ಗಂಭೀರವಾಗಿ ಕೇಳಿದಳು: "ತಮ್ಮಾ, ಈ ಮನೆಯಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲವೇ? ನೀರು ಸೇದುವುದಿಲ್ಲ, ನಾಯಿ ಬೊಗಳುವುದಿಲ್ಲ, ಕೂಸು ಅಳುವುದಿಲ್ಲ. ಇಷ್ಟು ದೊಡ್ಡ ಕುಟುಂಬ, ಒಬ್ಬರಿಗೂ ಕೆಮ್ಮಿಲ್ಲ. ಇವರು ಬದುಕಿದ್ದಾರೋ ಇಲ್ಲವೋ?" ಮಲಗುವಾಗಲೂ ಎಲ್ಲರೂ ರೇಷ್ಮೆ ಸೀರೆಯಲ್ಲೇ ಇರುತ್ತಾರೆ ಎಂದು ಹುಡುಗಿ ಹೇಳಿದ ಮೇಲಂತೂ, "ಹಾಗಾದರೆ ಅದು ಮನೆಯಲ್ಲ, ಬಟ್ಟೆ ಅಂಗಡಿ" ಎಂದು ತೀರ್ಪು ಕೊಟ್ಟು ಜಪಮಣಿ ಹಿಡಿದಳು.

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಓದಿಲ್ಲ. ಸಂಗೀತ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಸಿಟ್ಟು ಬಂದದ್ದು, ದುಃಖವಾದದ್ದು, ಸಂಶಯ ಹುಟ್ಟಿದ್ದು, ಎಲ್ಲವನ್ನೂ ಢಣ್ ಎಂದೇ ಹೇಳುವುದಾದರೆ ನಟಿ ಏಕೆ ಬೇಕು?

ಮತ್ತೊಂದು ಸಂಜೆ ವಾಹಿನಿ ಬದಲಿಸುವಾಗ ಒಂದು ದನಿ ಕೇಳಿಸಿತು. ದೊಡ್ಡವ್ವ, "ತಡಿ, ಇಲ್ಲಿ ನಿಲ್ಲಿಸು. ಇವಳು ನಾಟಕದವಳು" ಎಂದಳು. 2021ರ ಕೊನೆಯಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಒಂದು ಹಳೆಯ ಕಂತು ಅದು. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ ಉಮಾಶ್ರೀ. ಅವರು ರಂಗಭೂಮಿಯಿಂದಲೇ ಬಂದವರು ಎಂಬುದು ನಿಮಗೆಲ್ಲ ಗೊತ್ತು, ದೊಡ್ಡವ್ವನಿಗೆ ಗೊತ್ತಿರಲಿಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಟೆಂಟು ಹಾಕುವ ಕಂಪನಿ ನಾಟಕಗಳನ್ನು ಹರೆಯದಲ್ಲಿ ರಾತ್ರಿಯಿಡೀ ಕೇಳಿದ ಕಿವಿ ಅದು. ಕೊನೆಯ ಸಾಲಿನವನಿಗೂ ಮುಟ್ಟಬೇಕು, ಆದರೆ ಕಿರುಚಬಾರದು ಎಂಬ ದನಿಯನ್ನು ಆಕೆ ಗುರುತು ಹಿಡಿದಳು.

ಇನ್ನು ಸಿನಿಮಾಗಳ ಮಾತು. ಕನ್ನಡ ಸಿನಿಮಾ ಮಾತನಾಡತೊಡಗಿದ್ದು 1934ರಲ್ಲಿ. ತೊಂಬತ್ತು ವರ್ಷ ಕಳೆದರೂ ಅನೇಕರಿಗೆ ಮಾತೆಂದರೆ ಪಂಚ್ ಡೈಲಾಗ್, ಸದ್ದೆಂದರೆ ಹೊಡೆದಾಟ. ಆದರೆ 2022ರ 'ಕಾಂತಾರ'ವನ್ನು ನೆನಪಿಸಿಕೊಳ್ಳಿ. ನಿಮಗೆ ಮೊದಲು ನೆನಪಾಗುವುದೇನು? ದೈವ ಮೈಮೇಲೆ ಬಂದವನ ಆ ಕೂಗು. ಭೂತಕೋಲ ಕರಾವಳಿಯದು, ತುಳುನಾಡಿನದು, ನಮ್ಮಲ್ಲಿ ಅದು ಇಲ್ಲ. ಆದರೂ ನಮ್ಮ ಓಣಿಯ ಹುಡುಗರು ತಿಂಗಳುಗಟ್ಟಲೆ ಆ ಕೂಗು ಹಾಕಿಕೊಂಡು ಓಡಾಡಿದರು. ಕಿವಿಯಿಂದ ಹೊಕ್ಕದ್ದು ಅದು. 2025ರಲ್ಲಿ ಬಂದ 'ಸು ಫ್ರಮ್ ಸೋ' ಕೂಡ ಕರಾವಳಿಯ ಮಾತಿನದೇ. ಚಿತ್ರಮಂದಿರದಲ್ಲಿ ನನ್ನ ಪಕ್ಕ ಕುಳಿತಿದ್ದವರು ಅಫಜಲಪುರದ ಕಡೆಯ ರೈತರು. ಪದ ಅರ್ಥವಾಗದ ಕಡೆಯಲ್ಲಿಯೂ ಬಿದ್ದು ಬಿದ್ದು ನಕ್ಕರು. ಊರಿನವರು ಊರಿನವರಂತೆ ಮಾತನಾಡಿದರೆ ಅರ್ಥ ತಾನಾಗಿಯೇ ಹಿಂಬಾಲಿಸುತ್ತದೆ.

ಇಲ್ಲಿ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಮಂಗಳೂರಿನ ಮಾತನ್ನು ನಾವು ಕಷ್ಟಪಟ್ಟು ಕೇಳುತ್ತೇವೆ. ನಮ್ಮ ಮಾತು ಮಾತ್ರ ಧಾರಾವಾಹಿಗಳಲ್ಲಿ ಕಾವಲುಗಾರನಿಗೆ, ಅಡುಗೆಯವಳಿಗೆ, ಖಳನಾಯಕನ ಹಿಂದೆ ನಿಲ್ಲುವವನಿಗೆ ಮೀಸಲು. ಅದೂ ನಮ್ಮದಲ್ಲ. ಧಾರವಾಡದ ಒಂದು ಪದ, ವಿಜಯಪುರದ ಒಂದು ಪದ, ಮೇಲೊಂದು 'ಲೇ' ಹಾಕಿ ಕಲಸಿ, ಉತ್ತರ ಕರ್ನಾಟಕ ಎಂದು ಬಡಿಸುತ್ತಾರೆ. ಉರ್ದು, ತೆಲುಗು, ಮರಾಠಿಗಳ ಜೊತೆ ಬಾಳಿದ ಕಲಬುರಗಿಯ ಕನ್ನಡವೇ ಬೇರೆ ಎಂದು ಇವರಿಗೆ ಹೇಳುವವರು ಯಾರು? ಈ ವಿಷಯಕ್ಕೆ ಇನ್ನೂ ಎರಡು ಪುಟ ಬರೆದುಕೊಂಡು ಬಂದಿದ್ದೆ, ಆದರೆ ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಮೂರು ನಿಮಿಷವಂತೆ.

ಹಾಗಾಗಿ ಒಂದೇ ಸಿನಿಮಾ. ಉತ್ಸವ್ ಗೋನವಾರ ಅವರ 'ಫೋಟೋ', 2024ರಲ್ಲಿ ತೆರೆಗೆ ಬಂದದ್ದು. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ರಾಯಚೂರು ಕಡೆಯ ಹುಡುಗ, ಬೆಂಗಳೂರಿಗೆ ದುಡಿಯಲು ಹೋದ ಅಪ್ಪ, ಅಷ್ಟರಲ್ಲಿ 2020ರ ಲಾಕ್‌ಡೌನ್. ಅಪ್ಪ ಮಗ ಊರಿನ ಕಡೆ ನಡೆಯತೊಡಗುತ್ತಾರೆ. ಆ ದಿನಗಳನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದೇ ನಮ್ಮ ಕಲಬುರಗಿಯಿಂದ. ಗುಳೆ ಹೋದವರು ತಿರುಗಿ ಬರುವ ದಾರಿ ಕಾದ ಮನೆಗಳು ಇಲ್ಲಿ ಎಷ್ಟಿದ್ದವೆಂದು ಯಾದಗಿರಿಯವರನ್ನು ಕೇಳಿ.

ಇದನ್ನು ಮೊಮ್ಮಗಳ ಮೊಬೈಲಿನಲ್ಲಿ ಹಾಕಿ ದೊಡ್ಡವ್ವನ ಪಕ್ಕದಲ್ಲಿ ಇಟ್ಟೆ. ಎರಡು ಮಾತು ಬಿದ್ದವೋ ಇಲ್ಲವೋ, ಒರಗಿ ಕುಳಿತವಳು ನೆಟ್ಟಗಾದಳು. "ಇವರು ನಮ್ಮ ಕಡೆಯವರು" ಎಂದಳು. ಆಮೇಲೆ ಒಂದೂ ಮಾತಿಲ್ಲ. ಹುಡುಗಿ ಒಂದೆರಡು ಸಲ ವಿವರಿಸಲು ಹೋದಾಗ ಕೈ ಎತ್ತಿ ಸುಮ್ಮನಿರಿಸಿದಳು. ಈ ಸಲ ಆಕೆಗೆ ಬೇರೆಯವರ ಕಣ್ಣು ಬೇಕಾಗಿರಲಿಲ್ಲ. ನಡುವೆ ಒಮ್ಮೆ ಮಾತ್ರ, "ಆ ಹುಡುಗನಿಗೆ ಯಾರಾದರೂ ನೀರು ಕೊಟ್ಟರೇ?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು.

ಇದೇ ಸಾಲಿನಲ್ಲಿ ಭೀಮರಾವ್ ಅವರ 'ಹೆಬ್ಬುಲಿ ಕಟ್' ಬಗ್ಗೆಯೂ ಹೇಳಬೇಕಿತ್ತು, ನೆಚ್ಚಿನ ನಟನಂತೆ ಕೂದಲು ಕತ್ತರಿಸಿಕೊಳ್ಳಲು ಹೊರಟ ಹುಡುಗನಿಗೆ ಜಾತಿ ಅಡ್ಡ ಬರುವ ಕಥೆ ಅದು. ಸಮಯವಿಲ್ಲ, ನೀವೇ ನೋಡಿ. ನೋಡುವಾಗ ಐದು ನಿಮಿಷ ಕಣ್ಣು ಮುಚ್ಚಿ.

ದೊಡ್ಡವ್ವ ಈಗ ಊರಿನಲ್ಲಿದ್ದಾಳೆ, ರೇಡಿಯೊ ಹಚ್ಚಿಕೊಂಡು ಇದನ್ನು ಕೇಳುತ್ತಿರುತ್ತಾಳೆ. ನನ್ನ ದನಿ ಬಿದ್ದುಹೋಗಿದೆ, ರಾತ್ರಿ ಶುಂಠಿ ಕಷಾಯ ಕುಡಿಯಲಿಲ್ಲ ಎಂಬುದು ಆಕೆಗೆ ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಮನೆಗೆ ಹೋಗುವಷ್ಟರಲ್ಲಿ ಫೋನ್ ಬರುತ್ತದೆ. ನಮಸ್ಕಾರ.