ಎರಡು ಸೆಕೆಂಡ್, ಮೂವತ್ಮೂರು ಮೀಟರ್

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಬೈಕ್ ಓಡಿಸುವುದನ್ನು ಕಲಿಸುವವನು. ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಡೈರಿಗೆ ಹಾಲು ಹಾಕಿ ಬಂದು ಕುಳಿತಿರಬಹುದು. ಕೆಲವರು ಕೆಲಸಕ್ಕೆ ಹೊರಡಲು ಡಬ್ಬಿ ಕಟ್ಟುತ್ತಿರಬಹುದು. ಮನೆ ಮುಂದೆ ಒಂದು ಬೈಕೋ ಸ್ಕೂಟರೋ ನಿಂತಿರುತ್ತದೆ, ಅಲ್ವಾ? ಅದನ್ನು ಹತ್ತುವವರಿಗೆ ಇವತ್ತು ಒಂದೇ ಮಾತು ಹೇಳಬೇಕು. ಗಾಡಿ ಓಡುತ್ತಿರುವಾಗ ಕಣ್ಣು ರಸ್ತೆ ಬಿಡಬಾರದು.

"ಒಂದು ಕ್ಷಣ ನೋಡಿದ್ರೆ ಏನಾಗುತ್ತೆ ಸಾರ್?" ಎಂದು ಹುಡುಗರು ಕೇಳುತ್ತಾರೆ. ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಫೋನ್ ನೋಡಿ ತಲೆ ಎತ್ತಲು 2 ಸೆಕೆಂಡ್ ಎಂದಿಟ್ಟುಕೊಳ್ಳಿ. 33 ಮೀಟರ್ ಹೋಯಿತು. ಎದುರಿಗೆ ಏನೋ ಇದೆ ಎಂದು ತಿಳಿದು ಕೈ ಬ್ರೇಕಿಗೆ ಹೋಗಲು ಇನ್ನೊಂದು ಸೆಕೆಂಡ್. ಮತ್ತೆ 17 ಮೀಟರ್. ಬ್ರೇಕ್ ಹಿಡಿದ ಮೇಲೂ ಒಣ ರಸ್ತೆಯಲ್ಲಿ ನಿಲ್ಲಲು 20 ಮೀಟರ್ ಆದರೂ ಬೇಕು. ಒಟ್ಟು 70 ಮೀಟರ್. ನಾನು ಹುಡುಗರಿಗೆ ಮೊದಲ ದಿನ ಗಾಡಿಯನ್ನೇ ಕೊಡುವುದಿಲ್ಲ. ಮೈದಾನದಲ್ಲಿ ಆ ಮೊದಲ 33 ಮೀಟರನ್ನು ನಡೆಸುತ್ತೇನೆ. ನಲವತ್ತಕ್ಕೂ ಜಾಸ್ತಿ ಹೆಜ್ಜೆ ಆಗುತ್ತದೆ. ಅಷ್ಟು ದೂರ ಕಣ್ಣು ಮುಚ್ಚಿ ನಡೆ ಅಂದರೆ ಒಬ್ಬನೂ ಒಪ್ಪುವುದಿಲ್ಲ.

ಮಂಡ್ಯ ಕಡೆಯ ಒಬ್ಬ ಹುಡುಗನ ವಿಷಯ ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಇಲ್ಲೂ ಹೇಳಲೇಬೇಕು. ಕಬ್ಬು ಕಡಿಯುವ ಕಾಲ. ಸಂಜೆ ಏಳರ ಹೊತ್ತು. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನ್ ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಕುಡಿದಿರಲಿಲ್ಲ. ಹೆಲ್ಮೆಟ್ ಹಾಕಿದ್ದ. ಸ್ಪೀಡ್ ಐವತ್ತು ದಾಟಿರಲಿಲ್ಲ. ಆ ರಸ್ತೆಯಲ್ಲೇ ಓಡಾಡಿ ಬೆಳೆದವನು, ಯಾವ ಹಂಪ್ ಎಲ್ಲಿದೆ, ಯಾವ ಗುಂಡಿ ಎಲ್ಲಿದೆ ಎಲ್ಲ ಗೊತ್ತು. ಅಂಗಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಎಡಗೈಯಲ್ಲಿ ಅದನ್ನು ಸ್ವಲ್ಪ ಮೇಲಕ್ಕೆಳೆದು ಯಾರು ಅಂತ ನೋಡಿದ. ಬಾವನ ಹೆಸರು ಕಾಣಿಸಿತು. ಮನೆಗೆ ಹೋಗಿ ಮಾಡೋಣ ಅಂದುಕೊಂಡು ಮತ್ತೆ ಒಳಗೆ ತಳ್ಳಿ ತಲೆ ಎತ್ತಿದ. ಮುಂದೆ ಕಬ್ಬಿನ ಟ್ರೇಲರ್.

ಪಂಕ್ಚರ್ ಆಗಿ ರಸ್ತೆ ಮೇಲೇ ನಿಂತಿತ್ತು. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ಗರಿ ಜೋತಾಡುತ್ತಿತ್ತು. ಹಾಗೆ ನಿಲ್ಲಿಸಿದ್ದು ದೊಡ್ಡ ತಪ್ಪು. ಟ್ರ್ಯಾಕ್ಟರ್ ಇಟ್ಟುಕೊಂಡವರು ಕೇಳುತ್ತಿದ್ದರೆ ದಯವಿಟ್ಟು ಇವತ್ತೇ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಅದಕ್ಕೇನು ಭಾರಿ ಖರ್ಚಿಲ್ಲ. ಆದರೆ ಅದೇ ರಸ್ತೆಯಲ್ಲಿ, ಅವನ ಹಿಂದೆಯೇ ಬಂದ ಇನ್ನೊಂದು ಬೈಕಿನವರಿಗೆ ಹೆಡ್‌ಲೈಟ್ ಬೆಳಕಿನಲ್ಲಿ ಟ್ರೇಲರ್ ಚೆನ್ನಾಗಿಯೇ ಕಂಡಿತು. ಅವರು ನಿಲ್ಲಿಸಿದರು. 108ಕ್ಕೆ ಫೋನ್ ಮಾಡಿದವರೂ ಅವರೇ.

ಇವನ ಎಡಗೈ ಇನ್ನೂ ಜೇಬಿನ ಹತ್ತಿರವೇ ಇತ್ತು. ಬಲಗೈಯಲ್ಲಿ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದ. ಒಂದೇ ಕೈಯ ಭಾರಕ್ಕೆ ಹ್ಯಾಂಡಲ್ ಓರೆಯಾಯಿತು, ಮುಂದಿನ ಚಕ್ರ ಜಾರಿತು. ಗಾಡಿ ಅಡ್ಡ ಬಿದ್ದು ಅವನನ್ನೂ ಎಳೆದುಕೊಂಡು ಟ್ರೇಲರ್ ಅಡಿಗೆ ಹೋಯಿತು. ಹೆಲ್ಮೆಟ್ ತಲೆ ಉಳಿಸಿತು. ತೊಡೆ ಮೂಳೆ ಎರಡು ಕಡೆ ಮುರಿದು ಒಳಗೆ ರಾಡ್ ಹಾಕಿದರು. ಆ ವರ್ಷ ಅವರಪ್ಪ ಹಸು ಮಾರಿದರು. ಬಾವ ಫೋನ್ ಮಾಡಿದ್ದು ರಾಗಿ ಒಕ್ಕುವ ಮಿಷನ್ ಯಾವತ್ತು ಬರುತ್ತೆ ಅಂತ ಕೇಳಲು. ಊರುಗೋಲು ಹಿಡಿದು ನನ್ನ ಮುಂದೆ ಕುಳಿತ ಆ ಹುಡುಗ, "ಸಾರ್, ನಾನು ಫೋನ್ ಎತ್ತಲೇ ಇಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಎತ್ತಲಿಲ್ಲ, ನಿಜ. ಕಣ್ಣು ರಸ್ತೆ ಬಿಟ್ಟಿತು, ಅದೇ ಸಾಕಾಯಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಜನ ದ್ವಿಚಕ್ರ ವಾಹನದವರು. ಫೋನ್ ಒಂದನ್ನೇ ದೂರಬೇಡಿ. ಹಿಂದೆ ಕುಳಿತವರ ಮುಖ ನೋಡಿ ಮಾತಾಡುವುದು, ಪಕ್ಕದಲ್ಲಿ ಬರುವ ಗೆಳೆಯನ ಜೊತೆ ಹರಟುವುದು, ಯಾರೋ ಬಿದ್ದಿದ್ದಾರೆಂದು ತಿರುಗಿ ನೋಡುತ್ತಾ ಹೋಗುವುದು, ಎಲ್ಲವೂ ಅದೇ. ಬೈಕಿನಲ್ಲಿ ಕಣ್ಣು ಯಾವ ಕಡೆಗೋ ಗಾಡಿಯೂ ಆ ಕಡೆಗೇ ವಾಲುತ್ತದೆ. ಕಣ್ಣು ರಸ್ತೆ ಬಿಡಬಾರದು.

ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಂಡು ಮಾತಾಡುವವರಿಗೂ ಹೇಳುತ್ತೇನೆ. ಕಣ್ಣು ಮುಂದೆಯೇ ಇರಬಹುದು, ಗಮನ ಪೂರ್ತಿ ಮಾತಿನಲ್ಲಿರುತ್ತದೆ. ಎದುರಿಗಿರುವ ಹಂಪ್ ಕಂಡರೂ ಕಾಣದ ಹಾಗಾಗುತ್ತದೆ. ಇದಕ್ಕೆ ನೆಪ ಹೇಳಬೇಡಿ, ದಯವಿಟ್ಟು.

ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಫೋನನ್ನು ಸೈಲೆಂಟ್ ಮಾಡಿ, ಸೀಟಿನಡಿಯಲ್ಲೋ ಬ್ಯಾಗಿನಲ್ಲೋ ಇಡಿ. ಅಂಗಿ ಜೇಬು ಬೇಡ. ಮಾತಾಡಲೇಬೇಕಾದರೆ ಇಂಡಿಕೇಟರ್ ಹಾಕಿ, ಎಡಕ್ಕೆ ಬಂದು, ಟಾರ್ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ. ಮನೆಯಲ್ಲಿರುವ ಅಮ್ಮಂದಿರೇ, ಅಣ್ಣಂದಿರೇ, ಒಂದು ಸಲ ಎತ್ತದಿದ್ದರೆ ಮೇಲಿಂದ ಮೇಲೆ ಫೋನ್ ಮಾಡಬೇಡಿ. ಎತ್ತಿದಾಗ ಗಾಳಿಯ ಸದ್ದು ಕೇಳಿಸಿದರೆ, "ನಿಲ್ಲಿಸಿ ಮಾಡು" ಎಂದಷ್ಟೇ ಹೇಳಿ ಇಟ್ಟುಬಿಡಿ. ನಮಸ್ಕಾರ.