ತಿರುಗಿಸಿದ ಬಳೆ, ಮಗುಚಿದ ಬಳೆ

ಎಲ್ಲರಿಗೂ ನಮಸ್ಕಾರ. ನನಗೆ ಸಿಕ್ಕಿರುವುದು ನಲವತ್ತು ನಿಮಿಷ, ಬರೆದುಕೊಂಡು ಬಂದಿರುವುದು ಐದು ವಿಷಯ. ಮೂರು ಮುಗಿದರೆ ನಿಮ್ಮ ಪುಣ್ಯ.

ಈ ವಿಷಯ ಆರಿಸಿಕೊಳ್ಳಲು ಒಂದು ಮಾತು ಕಾರಣ. ನಮ್ಮ ಹುಡುಗರು ಸಲೀಸಾಗಿ ಹೇಳುತ್ತಾರೆ, "ಸರ್, ಈಕ್ವಿವೇರಿಯಂಟ್ ಹೋಮೊಟಾಪಿಗೆ ಬೇಕಾದಷ್ಟು ಮಾಡೆಲ್ ಇವೆ, ಎಲ್ಲಾ ಒಂದೇ." ಈಕ್ವಿವೇರಿಯಂಟ್ ಹೋಮೊಟಾಪಿ ಅಂದರೆ ಗ್ರೂಪ್, ಅಂದರೆ ಸಮ್ಮಿತಿಗಳ ಗುಂಪು, ಕೆಲಸ ಮಾಡುವ ಆಕಾರಗಳನ್ನು ಎಳೆದು ಬಗ್ಗಿಸಿ ಹೋಲಿಸುವ ವಿದ್ಯೆ; ಮಾಡೆಲ್ ಅಂದರೆ ಅದನ್ನು ಬರೆದಿಡುವ ಒಂದು ರೀತಿ. ಎಲ್ಲಾ ಒಂದೇ ಅಲ್ಲ ಮಾರಾಯರೇ. ಕೆಲವು ಒಂದೇ. ಅದನ್ನು ಹೇಳುವುದಕ್ಕೂ ಪ್ರಮೇಯ ಬೇಕು.

ಬಳೆ ಕಥೆ ಹೇಳುತ್ತೇನೆ. ಹಳಬರು ಕೇಳಿದ್ದೀರಿ, ಸಹಿಸಿಕೊಳ್ಳಿ. ಒಂದು ದಿನ ಕ್ಲಾಸಿಗೆ ಹೊರಟಾಗ ಮನೆಯವಳ ಗಾಜಿನ ಬಳೆಯೊಂದನ್ನು ಜೇಬಿಗೆ ಹಾಕಿಕೊಂಡೆ. ಕೇಳಲಿಲ್ಲ, ಅದೇ ತಪ್ಪು. ಬಳೆಯನ್ನು ಮೇಜಿನ ಮೇಲಿಟ್ಟು ಅರ್ಧ ಸುತ್ತು ತಿರುಗಿಸಿದೆ. ಎಷ್ಟು ಬಿಂದು ಇದ್ದಲ್ಲೇ ಉಳಿಯಿತು? ಒಂದೂ ಇಲ್ಲ. ಆಮೇಲೆ ದೋಸೆ ಮಗುಚಿದ ಹಾಗೆ ಮಗುಚಿದೆ. ಈಗ ಎರಡು ಬಿಂದು ಅಲ್ಲಾಡಲಿಲ್ಲ. ಎರಡು ಸಲ ಮಾಡಿದರೆ ಎರಡೂ ಕೆಲಸ ಮೊದಲಿನ ಸ್ಥಿತಿಗೇ ಬರುತ್ತವೆ. ಅಂದರೆ ಬಳೆ ಅದೇ, ಎರಡೇ ಸದಸ್ಯರ (ಸುಮ್ಮನಿರುವುದು, ಮಾಡುವುದು) ಗ್ರೂಪ್ ಕೂಡ ಅದೇ, ಅಲ್ಲಾಡದ ಸ್ಥಿರ ಬಿಂದುಗಳು ಮಾತ್ರ ಬೇರೆ. ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಮೂರನೇ ದಾರಿ ಇದೆ, ಸುಮ್ನೆ ಬಿಟ್ಟುಬಿಡೋದು" ಅಂದ. ಸರಿಯೇ! ಆಗ ಎಲ್ಲಾ ಬಿಂದುಗಳೂ ಸ್ಥಿರ. ಖುಷಿಯಲ್ಲಿ ಕೈ ಎತ್ತಿದೆ, ಬಳೆ ಜಾರಿ ನೆಲಕ್ಕೆ ಬಿತ್ತು. ಸಂಜೆ ಮನೆಯಲ್ಲಿ ನಡೆದ ಉಪನ್ಯಾಸ ಇದಕ್ಕಿಂತ ಉದ್ದವಾಗಿತ್ತು.

ಇರಲಿ. ಗ್ರೂಪ್ ಕೆಲಸ ಮಾಡುತ್ತಿರುವ ಎರಡು ಸ್ಪೇಸ್‌ಗಳನ್ನು, ಅಂದರೆ ಆಕಾರಗಳನ್ನು, ಯಾವಾಗ ಒಂದೇ ಅನ್ನುತ್ತೀರಿ? ಗಣಿತಜ್ಞ ಬೊರೆಲ್ ಹೆಸರಿನ ದಾರಿಯವರು ಹೇಳುತ್ತಾರೆ: ಗ್ರೂಪಿಗೆ ಹೊಂದುವ ಮ್ಯಾಪ್ ಒಂದಿರಲಿ, ಗ್ರೂಪನ್ನು ಮರೆತು ನೋಡಿದಾಗ ಅದು ಈಕ್ವಿವೆಲೆನ್ಸ್ ಆಗಿದ್ದರೆ, ಅಂದರೆ ಎಳೆದು ಬಗ್ಗಿಸುವ ಲೆಕ್ಕದಲ್ಲಿ ಎರಡನ್ನೂ ಒಂದೇ ಮಾಡಿದರೆ, ಸಾಕು. ಬ್ರೆಡನ್ 1967ರಲ್ಲಿ ಹಿಡಿದ ದಾರಿ ಬಿಗಿ: ಪ್ರತಿ ಸಬ್‌ಗ್ರೂಪಿನ (ಗ್ರೂಪಿನೊಳಗಿನ ಗ್ರೂಪ್) ಸ್ಥಿರ ಬಿಂದುಗಳೂ ಹೊಂದಬೇಕು. ಅನಂತ ಆಯಾಮದ ಗೋಲ ತೆಗೆದುಕೊಳ್ಳಿ. ಪ್ರತಿ ಬಿಂದುವನ್ನು ಅದರ ಎದುರಿನ ಬಿಂದುವಿಗೆ ಕಳಿಸಿ. ಈ ಗೋಲ ಕುಗ್ಗಿ ಒಂದು ಬಿಂದು ಆಗಬಲ್ಲದು, ಹಾಗಾಗಿ ಬೊರೆಲ್ ಕಣ್ಣಿಗೆ ಗೋಲ, ಬಿಂದು ಎರಡೂ ಒಂದೇ. ಸ್ಥಿರ ಬಿಂದು ಕೇಳಿ ನೋಡೋಣ? ಬಿಂದುವಿನಲ್ಲಿ ಒಂದಿದೆ, ಗೋಲದಲ್ಲಿ ಒಂದೂ ಇಲ್ಲ. ಇದ್ದದ್ದೂ ಇಲ್ಲದ್ದೂ ಒಂದೇ ಆಗುತ್ತಾ?

ಈ ಬಿಗಿ ದಾರಿಯಲ್ಲಿ ಎಲ್ಮೆಂಡಾರ್ಫ್ 1983ರಲ್ಲಿ ಒಂದು ಚಂದದ ಮಾತು ಸಾಧಿಸಿದ. ಸ್ಪೇಸನ್ನು ಬಿಟ್ಟು ಬರೀ ಒಂದು ಪಟ್ಟಿ ಇಟ್ಟುಕೊಳ್ಳಿ: ಪ್ರತಿ ಸಬ್‌ಗ್ರೂಪಿಗೆ ಅದರ ಸ್ಥಿರ ಬಿಂದುಗಳು, ಅವುಗಳ ನಡುವಿನ ಮ್ಯಾಪ್‌ಗಳು. ಹೋಮೊಟಾಪಿಗೆ ಅಷ್ಟು ಸಾಕು. ನಮ್ಮ ಬಳೆಗೆ ಎರಡೇ ಸಾಲು: ಇಡೀ ಬಳೆ, ಅಲ್ಲಾಡದ ಬಿಂದುಗಳು. ಇಲ್ಲಿ "ಎರಡು ಮಾಡೆಲ್ ಒಂದೇ" ಅನ್ನಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ.

ಚೀಟಿ ಬಂತು. ಐದು ನಿಮಿಷ ಅಂತೆ. ಸ್ಪೆಕ್ಟ್ರಾ ಲೋಕಕ್ಕೆ ಓಡುತ್ತೇನೆ; ಸ್ಪೆಕ್ಟ್ರಮ್ ಅಂದರೆ ಆಯಾಮ ಏರಿಸುತ್ತಾ ಹೋದರೂ ಉಳಿಯುವುದನ್ನು ಹಿಡಿದಿಡುವ, ಸ್ಪೇಸ್‌ನಂಥ ವಸ್ತು. ಅಲ್ಲಿ ಆರ್ಥಾಗನಲ್ ಸ್ಪೆಕ್ಟ್ರಾ ಒಂದು ಮಾಡೆಲ್, ಸಾಲುಸಾಲಿಗೂ ಸ್ಪೆಕ್ಟ್ರಮ್ ಇರುವ ಪಟ್ಟಿಗಳು, ಅಂದರೆ ಸ್ಪೆಕ್ಟ್ರಲ್ ಮ್ಯಾಕಿ ಫಂಕ್ಟರ್‌ಗಳದ್ದು ಇನ್ನೊಂದು. ಗ್ರೂಪ್ ಫೈನೈಟ್ ಆಗಿದ್ದರೆ ಎರಡೂ ಒಂದೇ, ಇದೂ ಪ್ರಮೇಯ. ಪಟ್ಟಿಯಲ್ಲಿ ಈಗ ಟ್ರಾನ್ಸ್‌ಫರ್ ಎಂಬ ವಾಪಸ್ ದಾರಿಯೂ ಸೇರುತ್ತದೆ. ನಾಲ್ಕು ಸ್ಲೈಡ್ ಹಾರಿಸುತ್ತಿದ್ದೇನೆ, ಕ್ಷಮಿಸಿ.

ಇದೊಂದನ್ನು ಮಾತ್ರ ಬಿಡಲಾರೆ. 2009ರಲ್ಲಿ ಹಿಲ್, ಹಾಪ್ಕಿನ್ಸ್, ರಾವೆನೆಲ್ ಕೆರ್ವೇರ್ ಪ್ರಶ್ನೆಗೆ, ಅಂದರೆ ಗೋಲಗಳ ನಡುವಿನ ಮ್ಯಾಪ್‌ಗಳಲ್ಲಿ ಕೆರ್ವೇರ್ ಅಂಶಗಳೆಂಬ ವಿಶೇಷದವು ಯಾವ ಆಯಾಮಗಳಲ್ಲಿವೆ ಎಂಬ ಪ್ರಶ್ನೆಗೆ, ಉತ್ತರ ಕೊಟ್ಟರಲ್ಲ, ಎಂಟು ಸದಸ್ಯರ ಚಕ್ರೀಯ ಗ್ರೂಪ್ ಹಿಡಿದು? ಕೆರ್ವೇರ್ ಅಂಶಗಳು ಇದ್ದರೆ ಕಾಣುವುದು ಹೋಮೊಟಾಪಿ ಸ್ಥಿರ ಬಿಂದುಗಳ ಕಡೆ, ಅಂದರೆ ಬೊರೆಲ್ ಕಡೆ. ಆಯಾಮ ಮೈನಸ್ 2ರಲ್ಲಿ ಎಲ್ಲಾ ಸೊನ್ನೆ ಅಂತ ಕಾಣುವುದು ನಿಜವಾದ ಸ್ಥಿರ ಬಿಂದುಗಳ ಕಡೆ. ಅವರ ಸ್ಪೆಕ್ಟ್ರಮ್‌ಗೆ ಈ ಎರಡೂ ಹೊಂದುತ್ತವೆ ಅಂತ ಅವರು ಬೇರೆಯಾಗಿಯೇ ಸಾಧಿಸಬೇಕಾಯಿತು. ಪುಕ್ಕಟೆ ಸಿಗಲಿಲ್ಲ. ಆಮೇಲೆ 256ಕ್ಕೊಮ್ಮೆ ಎಲ್ಲಾ ಮರುಕಳಿಸುತ್ತದೆ, ಹಾಗಾಗಿ ಮೈನಸ್ 2ರ ಸೊನ್ನೆ 254ಕ್ಕೂ ಬಂತು, 510ಕ್ಕೂ, ಮುಂದಕ್ಕೂ; ಅಂದರೆ ಅಲ್ಲೆಲ್ಲಾ ಕೆರ್ವೇರ್ ಅಂಶಗಳಿಲ್ಲ. 126 ಮಾತ್ರ ಆಗ ಅವರ ಕೈಗೆ ಸಿಗಲಿಲ್ಲ.

ಅಧ್ಯಕ್ಷರು ಎದ್ದು ನಿಂತಿದ್ದಾರೆ. ಪ್ರಶ್ನೆ ಕೇಳಿ, ಬಳೆಯ ಬೆಲೆ ಒಂದು ಬಿಟ್ಟು.