ಕೇಂಬ್ರಿಡ್ಜ್ ದೋಣಿಯಿಂದ ಫ್ರಾನ್ಸಿನ ಪ್ರಧಾನಿ ಪಟ್ಟಕ್ಕೆ: ವಾಡಿಂಗ್ಟನ್ ಕಥೆ

[ತೆರೆ ಮೇಲೆ: ಥೇಮ್ಸ್ ನದಿ, 1849]

ನಮಸ್ಕಾರ. 1849ರ ಮಾರ್ಚ್ ತಿಂಗಳು. ಆಕ್ಸ್‌ಫರ್ಡ್‌ಗೂ ಕೇಂಬ್ರಿಡ್ಜ್‌ಗೂ ದೋಣಿ ಪಂದ್ಯ. ಗೆದ್ದಿದ್ದು ಕೇಂಬ್ರಿಡ್ಜ್. ಆ ದೋಣಿಯಲ್ಲಿ ಹುಟ್ಟು ಹಾಕಿದ ಎಂಟು ಹುಡುಗರಲ್ಲಿ ಒಬ್ಬ ಮೂವತ್ತು ವರ್ಷ ಆದ ಮೇಲೆ ಪ್ರಧಾನಿ ಆದ. ಇಂಗ್ಲೆಂಡಿಗಲ್ಲ, ಫ್ರಾನ್ಸಿಗೆ! ಹೆಸರು ವಿಲಿಯಂ ವಾಡಿಂಗ್ಟನ್.

ಮನೆತನದ ಮೂಲ ಇಂಗ್ಲೆಂಡೇ. ಆದರೆ ಫ್ರಾನ್ಸಿನಲ್ಲಿ ನೂಲಿನ ಗಿರಣಿ ನಡೆಸಿಕೊಂಡು ಅಲ್ಲೇ ನೆಲೆ ನಿಂತವರು. ವಿಲಿಯಂ ಹುಟ್ಟಿದ್ದೂ ಅಲ್ಲೇ, 1826ರಲ್ಲಿ. ಓದು ಮುಗಿಸಿ ರಾಜಕೀಯಕ್ಕೆ ಬರಲಿಲ್ಲ, ಸಿರಿಯಾ, ಏಷ್ಯಾ ಮೈನರ್ (ಅಂದರೆ ಈಗಿನ ಟರ್ಕಿಯ ಕಡೆ) ಸುತ್ತಿ ಹಳೇ ನಾಣ್ಯ, ಶಾಸನ ಹುಡುಕಿದರು. 1871ರಲ್ಲಿ ಸಂಸತ್ತಿಗೆ ಬಂದರು, ಶಿಕ್ಷಣ ಮಂತ್ರಿಯಾದರು, 1877ರ ಕೊನೆಗೆ ವಿದೇಶಾಂಗ ಮಂತ್ರಿ.

[ತೆರೆ ಮೇಲೆ: ಬರ್ಲಿನ್, 1878]

ಈಗ ಬರ್ಲಿನ್ ಸಮ್ಮೇಳನ. ಯುದ್ಧದಲ್ಲಿ ರಷ್ಯಾ ಗೆದ್ದಿದೆ, ಟರ್ಕಿ ಸೋತಿದೆ, ಗಡಿ ಎಲ್ಲಿ ಎಳೆಯಬೇಕು ಅಂತ ದೊಡ್ಡ ದೇಶಗಳೆಲ್ಲ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಮುಂದೆ ಕೂತಿವೆ. ಎಂಟು ವರ್ಷದ ಹಿಂದೆ ಇದೇ ಬಿಸ್ಮಾರ್ಕ್ ಕೈಯಲ್ಲಿ ಸೋತಿದ್ದ ಫ್ರಾನ್ಸ್ ಒಂದು ಷರತ್ತು ಹಾಕಿಯೇ ಬಂದಿತ್ತು: ಈಜಿಪ್ಟ್, ಸಿರಿಯಾ ವಿಷಯ ಎತ್ತುವ ಹಾಗಿಲ್ಲ. ಅಷ್ಟರಲ್ಲಿ ಗೊತ್ತಾಗುತ್ತೆ, ಸಿರಿಯಾದ ಎದುರಿಗೇ ಇರುವ ಸೈಪ್ರಸ್ ದ್ವೀಪಕ್ಕಾಗಿ ಬ್ರಿಟನ್ ಆಗಲೇ ಟರ್ಕಿಯ ಸುಲ್ತಾನನ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದೆ ಅಂತ. ವಾಡಿಂಗ್ಟನ್ ಕೆರಳಿದರು. ಆಗ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಸಾಲ್ಸ್‌ಬರಿ, ಉತ್ತರ ಆಫ್ರಿಕಾದ ಟುನೀಶಿಯಾದಲ್ಲಿ ನೀವು ಏನು ಮಾಡಿದರೂ ನಾವು ಅಡ್ಡ ಬರಲ್ಲ ಅನ್ನೋ ಅರ್ಥದ ಮಾತಾಡಿದರು. ಬಾಯಿಮಾತನ್ನು ನಂಬಿ ಸುಮ್ನೆ ಕೂರಲಿಲ್ಲ ವಾಡಿಂಗ್ಟನ್, ಪ್ಯಾರಿಸಿಗೆ ಬಂದು ಅದನ್ನು ಪತ್ರದಲ್ಲೇ ಬರೆಸಿಕೊಂಡರು. 1881ರಲ್ಲಿ ಫ್ರಾನ್ಸ್ ಟುನೀಶಿಯಾಕ್ಕೆ ಸೈನ್ಯ ನುಗ್ಗಿಸಿತು. ಅಲ್ಲಿನ ಜನರನ್ನು ಒಂದು ಮಾತೂ ಯಾರೂ ಕೇಳಲಿಲ್ಲ. ಇದನ್ನು ಓದುವಾಗ ನನಗೆ ಈಗಲೂ ಕೋಪ ಬರುತ್ತೆ.

ಅದೇ ಸಮ್ಮೇಳನದಲ್ಲಿ ಅದೇ ಮನುಷ್ಯ ಇನ್ನೊಂದು ಕೆಲಸವನ್ನೂ ಮಾಡಿದರು. ರೊಮೇನಿಯಾಕ್ಕೆ ಸ್ವಾತಂತ್ರ್ಯದ ಮಾನ್ಯತೆ ಬೇಕಾದರೆ ಯೆಹೂದಿಗಳೂ ಸೇರಿ ಎಲ್ಲ ಧರ್ಮದವರಿಗೂ ಸಮಾನ ಹಕ್ಕು ಕೊಡಬೇಕು ಅಂತ ಪಟ್ಟು ಹಿಡಿದರು. ಸಮ್ಮೇಳನದ ಕೊನೆಗೆ ಆದ ಬರ್ಲಿನ್ ಒಪ್ಪಂದದ 44ನೇ ವಿಧಿಯಲ್ಲಿ ಅದು ಬಂತು. ರೊಮೇನಿಯಾ ಅದನ್ನು ಸರಿಯಾಗಿ ಪಾಲಿಸಲಿಲ್ಲ, ಆ ಮಾತು ಬೇರೆ.

1879ರ ಫೆಬ್ರವರಿ 4ಕ್ಕೆ ಪ್ರಧಾನಿ. ಹತ್ತೇ ದಿನಕ್ಕೆ ಮಾರ್ಸೆಯೇಸ್ ಮತ್ತೆ ರಾಷ್ಟ್ರಗೀತೆ ಆಯಿತು, ಆ ವರ್ಷವೇ ಸಂಸತ್ತು ವರ್ಸೇಯಿಂದ ಪ್ಯಾರಿಸಿಗೆ ವಾಪಸ್ ಬಂತು. ಡಿಸೆಂಬರಿನಲ್ಲಿ ಕುರ್ಚಿ ಹೋಯಿತು.

ಆಮೇಲೆ 1883ರಿಂದ ಹತ್ತು ವರ್ಷ ಲಂಡನ್ನಿನಲ್ಲಿ ರಾಯಭಾರಿ. ಇವನು ಇಂಗ್ಲೆಂಡಿನ ಕಡೆಯವನು ಅಂತ ಫ್ರಾನ್ಸಿನಲ್ಲಿ ಬೈಯುವವರು ಜಾಸ್ತಿಯಾದರು. ಸೈಪ್ರಸ್ ವಿಷಯಕ್ಕೆ ಬ್ರಿಟನ್ನಿನ ಎದುರು ಜಗಳಕ್ಕೆ ನಿಂತವರಿಗೆ ಈ ಮಾತು, ನ್ಯಾಯ ಅಲ್ವೇ ಅಲ್ಲ. 1894ರ ಜನವರಿಯಲ್ಲಿ ಸೆನೆಟ್ ಚುನಾವಣೆ ಸೋತರು, ಅದೇ ತಿಂಗಳು ತೀರಿಕೊಂಡರು. ಅವರು ಕೂಡಿಟ್ಟ ಏಷ್ಯಾ ಮೈನರಿನ ನಾಣ್ಯಗಳು ಈಗ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.